ಅಂಡಮಾನಿನ ಕೆಸರಿನಲ್ಲಿ ತೈಲದ ಜಾತಕ ಓದಬಹುದೇ?

ಕಾಪುವಿನಿಂದ ಒಳಕ್ಕೆ ತಿರುಗಿ ಪಾದೂರಿನ ಕಡೆ ಹೋದರೆ ಕಣ್ಣಿಗೆ ಬೀಳುವುದು ಗದ್ದೆ, ತೆಂಗು, ಮುರಕಲ್ಲಿನ ಗುಡ್ಡ ಮಾತ್ರ. ಅದರ ಕೆಳಗಿನ ಗಟ್ಟಿ ಬಂಡೆಯನ್ನು ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲಕ್ಕೆ ಜಾಗವಿದೆ. ಮಂಗಳೂರಿನ ಗುಹೆಗಳಲ್ಲಿ ಮತ್ತೆ 15 ಲಕ್ಷ ಟನ್. ವಿಶಾಖಪಟ್ಟಣವನ್ನೂ ಸೇರಿಸಿದರೆ ದೇಶ ಆಪತ್ಕಾಲಕ್ಕೆಂದು ಮೊದಲ ಹಂತದಲ್ಲಿ ಕಟ್ಟಿಕೊಂಡ ಭೂಗತ ದಾಸ್ತಾನಿನ ಸಾಮರ್ಥ್ಯ 53.3 ಲಕ್ಷ ಟನ್. ಅಂದರೆ ನಾಲ್ಕರಲ್ಲಿ ಮೂರು ಪಾಲು ನಮ್ಮ ಎರಡು ಜಿಲ್ಲೆಗಳ ಕಾಲಡಿಯಲ್ಲೇ ಇದೆ. ಆದರೆ ಅದರಲ್ಲಿ ಒಂದು ಹನಿಯೂ ಈ ನೆಲದಲ್ಲಿ ಹುಟ್ಟಿದ್ದಲ್ಲ. ಪತ್ತಾಯ ನಮ್ಮದು, ಭತ್ತ ಬೇರೆಯವರ ಗದ್ದೆಯದು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಹಡಗಿನಲ್ಲಿ ಬರುತ್ತದೆ.

ಹೀಗಿರುವಾಗ 2025ರ ಸೆಪ್ಟೆಂಬರ್ ಕೊನೆಯ ವಾರದ ಸುದ್ದಿಗೆ ಇಲ್ಲಿ ಕಿವಿ ನಿಮಿರದೆ ಇರುತ್ತದೆಯೇ? ಸೆಪ್ಟೆಂಬರ್ 26ರಂದು ಕೇಂದ್ರ ಪೆಟ್ರೋಲಿಯಂ ಸಚಿವರು ಅಂಡಮಾನಿನ ಪೂರ್ವ ಕರಾವಳಿಯಿಂದ 17 ಕಿಲೋಮೀಟರ್ ದೂರದಲ್ಲಿ, 295 ಮೀಟರ್ ಆಳದ ನೀರಿನಲ್ಲಿ ಆಯಿಲ್ ಇಂಡಿಯಾ ಕೊರೆದ ಶ್ರೀವಿಜಯಪುರಂ-2 ಬಾವಿಯಲ್ಲಿ ನೈಸರ್ಗಿಕ ಅನಿಲ ಕಂಡುಬಂದಿದೆ ಎಂದು ಪ್ರಕಟಿಸಿದರು. ಕಾಕಿನಾಡಕ್ಕೆ ತಂದು ಪರೀಕ್ಷಿಸಿದ ಮಾದರಿಯಲ್ಲಿ ಶೇಕಡಾ 87 ಮೀಥೇನ್ ಇತ್ತು. ಒಂದು ವಾರ ಕಳೆಯುವುದರೊಳಗೆ, ಅಕ್ಟೋಬರ್ 2ರಂದು, ಅದೇ ದ್ವೀಪಸಮೂಹದ ಬಾರಾಟಾಂಗ್‌ನಲ್ಲಿ ಕೆಸರು ಜ್ವಾಲಾಮುಖಿಯೊಂದು ಭಾರೀ ಸದ್ದಿನೊಂದಿಗೆ ಉಕ್ಕಿತು. ಮೂರು ನಾಲ್ಕು ಮೀಟರ್ ಎತ್ತರದ ಮಣ್ಣಿನ ದಿಬ್ಬ ಎದ್ದಿತು, ಸಾವಿರಕ್ಕೂ ಹೆಚ್ಚು ಚದರ ಮೀಟರ್ ಜಾಗದಲ್ಲಿ ಕೆಸರು ಹರಡಿತು.

ಬೆಳಗಿನ ಚಹಾಕ್ಕೆ ಸಿಗುವ ನನ್ನ ನೆರೆಯವರೊಬ್ಬರು, ಬಂದರಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಎರಡೂ ಸುದ್ದಿಯನ್ನು ಒಂದೇ ಗಂಟಿನಲ್ಲಿ ಕಟ್ಟಿ ಕೇಳಿದರು: “ಅಡಿಯಲ್ಲಿ ಗ್ಯಾಸ್ ಸಿಕ್ಕಿತು, ಮೇಲೆ ಕೆಸರು ಉಕ್ಕಿತು. ಎರಡೂ ಒಂದೇ ಕಥೆ ಅಲ್ಲವಾ ಮಾರಾಯ್ರೇ?”

ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. ಕೆಸರು ಜ್ವಾಲಾಮುಖಿಯ ಅನಿಲ, ನೀರು, ಕಲ್ಲುಚೂರುಗಳನ್ನು ಪರೀಕ್ಷಿಸಿದರೆ ಆ ನೆಲದ ಆಳದಲ್ಲಿ ತೈಲ, ಅನಿಲಗಳ ಅಡುಗೆ ನಡೆದಿದೆಯೇ ಎಂಬುದು ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಆ ಅಡುಗೆ ಪಾತ್ರೆಯಲ್ಲಿ ಉಳಿದಿದೆಯೇ, ಚೆಲ್ಲಿಹೋಗಿದೆಯೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಈ ಎರಡರ ನಡುವಿನ ಅಂತರ ಸಾರ್ವಜನಿಕ ಚರ್ಚೆಯಲ್ಲಿ ಕಾಣದೆ ಹೋಗುತ್ತಿದೆ ಎಂಬ ಕಳವಳದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ಕೆಸರು ಜ್ವಾಲಾಮುಖಿಗೂ ಲಾವಾಕ್ಕೂ ಸಂಬಂಧವಿಲ್ಲ. ಲಾವಾ ಕಕ್ಕುವುದು ಅಂಡಮಾನ್ ಕಡಲಿನ ಬ್ಯಾರನ್ ದ್ವೀಪ, ಅದು ಬೇರೆ ಸಂಗತಿ. ಬಾರಾಟಾಂಗ್‌ನ ಬೂದು ಹೊಂಡದ ಬಳಿ ಬಗ್ಗಿ ನೋಡಿದರೆ ಕಾಣುವುದು ಕುಚ್ಚಲಕ್ಕಿ ಗಂಜಿ ಕುದಿಯುವಾಗಿನಂಥ ಗುಳ್ಳೆ. ನಿಧಾನವಾಗಿ ಉಬ್ಬುತ್ತದೆ, ಮೇಲ್ಪದರ ತೆಳುವಾಗುತ್ತದೆ, ಬಳಕ್ಕೆಂದು ಒಡೆದು ಸುತ್ತ ಕೆಸರಿನ ಉಂಗುರ ಬಿಡುತ್ತದೆ. ಆದರೆ ಮುಟ್ಟಿದರೆ ತಣ್ಣಗಿರುತ್ತದೆ. ಇಲ್ಲಿ ಕುದಿತವಿಲ್ಲ, ಒತ್ತಡವಿದೆ. ಭಾರತದ ಭೂಫಲಕ ಅಂಡಮಾನಿನ ಬಳಿ ಪಕ್ಕದ ಫಲಕದ ಅಡಿಗೆ ಜಾರುತ್ತಿದೆ. ಮಳೆಗಾಲದಲ್ಲಿ ಅಂಗಳದ ಕೆಸರನ್ನು ಅಡಿಕೆ ಹಾಳೆಯಿಂದ ಒತ್ತಿ ಮೂಲೆಗೆ ರಾಶಿ ಹಾಕುತ್ತೇವಲ್ಲ, ಹಾಗೆ ಜಾರುವ ಫಲಕದ ಬೆನ್ನ ಮೇಲಿನ ಸಮುದ್ರತಳದ ಮಣ್ಣು ಉಜ್ಜಿ, ಮಡಚಿ, ರಾಶಿಬಿದ್ದು ದ್ವೀಪಗಳಾಗಿದೆ. ಹಿಂಡಿದ ಮಣ್ಣಿನೊಳಗೆ ಸಿಕ್ಕಿಬಿದ್ದ ನೀರು ಮತ್ತು ಅನಿಲ ಬಿರುಕು ಹುಡುಕಿಕೊಂಡು ಮೇಲೆ ಬರುವಾಗ ಜೇಡಿಯನ್ನೂ ಕಲ್ಲುಚೂರನ್ನೂ ಹೊತ್ತು ತರುತ್ತವೆ. ಭೂಕಂಪ ಆ ಬಿರುಕುಗಳನ್ನು ಅಲುಗಾಡಿಸುವುದೂ ಉಂಟು. 2004ರ ಡಿಸೆಂಬರ್ 26ರ ಮಹಾಕಂಪದ ಬೆನ್ನಿಗೇ ಬಾರಾಟಾಂಗ್‌ನ ಕೆಸರು ಚುರುಕಾಗಿತ್ತು.

ಬೋರ್‌ವೆಲ್ ಲಾರಿ ಬಂದ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಅಂಗಳದಲ್ಲೇ ನಿಂತಿರುತ್ತಾರೆ. ಮೊದಲು ಕೆಂಪು ಮಣ್ಣಿನ ರಾಡಿ, ಆಮೇಲೆ ಹಳದಿ ಜೇಡಿ, ಕೊನೆಗೆ ಬಂಡೆಯ ಬಿಳಿ ಪುಡಿ. ಪೈಪಿನ ಬಾಯಿಂದ ಹಾರುವ ಆ ಪುಡಿಯನ್ನು ಲಾರಿಯವರು ಅಂಗೈಯಲ್ಲಿ ತಿಕ್ಕಿ ನೋಡಿ, ಇನ್ನೆಷ್ಟು ಅಡಿ ಇಳಿಸಬೇಕು ಎಂದು ಅಂದಾಜಿಸುತ್ತಾರೆ. ಕೆಸರು ಜ್ವಾಲಾಮುಖಿಯೂ ಒಂದು ಬೋರ್‌ವೆಲ್, ಭೂಮಿ ತಾನೇ ಕೊರೆದುಕೊಂಡದ್ದು. ಹಲವು ಸಾವಿರ ಮೀಟರ್ ಕೆಳಗಿನ ಪುಡಿಯನ್ನು ಅದು ಬಿಟ್ಟಿಯಾಗಿ ಮೇಲಕ್ಕೆ ಎಸೆಯುತ್ತದೆ. ಆಳಸಮುದ್ರದಲ್ಲಿ ಒಂದೇ ಒಂದು ಬಾವಿ ಕೊರೆಯಲು ನೂರಾರು ಕೋಟಿ ರೂಪಾಯಿ ಬೇಕಾಗುವ ವ್ಯವಹಾರದಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ ಏನನ್ನು, ಹೇಗೆ ಓದುತ್ತಾರೆ? ನೇತ್ರಾವತಿಯ ಅಳಿವೆಯ ಬಳಿ ಕಾಂಡ್ಲಾ ಗಿಡಗಳ ಬುಡದ ಕೆಸರಿಗೆ ಕೋಲು ಚುಚ್ಚಿದರೆ ಅಲ್ಲೂ ಬುಳುಬುಳು ಗುಳ್ಳೆ ಏಳುತ್ತವೆ. ಅದೂ ಹೆಚ್ಚಾಗಿ ಮೀಥೇನೇ. ತೋಟದ ಮನೆಯ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಮೀಥೇನೇ. ಎರಡನ್ನೂ ಮಾಡಿದ್ದು ಗಾಳಿಯಿಲ್ಲದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು. ಇನ್ನೊಂದು ಬಗೆಯ ಮೀಥೇನ್ ಉಂಟು. ಕೋಟ್ಯಂತರ ವರ್ಷ ಹಿಂದೆ ಹೂತುಹೋದ ಜೈವಿಕ ಪದಾರ್ಥ ಆಳದ ಶಾಖಕ್ಕೆ ಬೆಂದು ತೈಲ, ಅನಿಲವಾಗುವಾಗ ಹುಟ್ಟುವಂಥದ್ದು. ತೈಲ ಹುಡುಕುವವರಿಗೆ ಬೇಕಾದದ್ದು ಈ ಬೆಂದ ಮೀಥೇನಿನ ಸುಳಿವು. ಬಣ್ಣ, ವಾಸನೆ, ಉರಿ ಯಾವುದರಿಂದಲೂ ಎರಡನ್ನೂ ಬೇರೆಮಾಡಲಾಗದು.

ಮಾದರಿ ಹಿಡಿಯುವ ಕ್ರಮ ತೀರಾ ಸರಳ. ಗಾಜಿನ ಬಾಟಲಿಗೆ ತುಂಬ ಉಪ್ಪುನೀರು ತುಂಬಿಸಿ, ಬಾಯಿಗೆ ಆಲಿಕೆ ಸಿಕ್ಕಿಸಿ, ಗುಳ್ಳೆ ಏಳುವ ಜಾಗದಲ್ಲಿ ಮುಳುಗಿಸಿ ಕವುಚಿ ಹಿಡಿಯುತ್ತಾರೆ. ಅನಿಲ ಒಳಗೆ ಏರಿದಂತೆ ನೀರು ಕೆಳಗೆ ಇಳಿಯುತ್ತದೆ. ಸ್ವಲ್ಪ ನೀರು ಉಳಿದಿರುವಾಗಲೇ, ಬಾಟಲಿಯನ್ನು ಮೇಲೆತ್ತದೆ, ನೀರಿನೊಳಗೇ ಬಿರಡೆ ಹಾಕುತ್ತಾರೆ. ಪ್ರಯೋಗಾಲಯ ತಲುಪುವ ತನಕ ಬಾಟಲಿ ಕವುಚಿಯೇ ಇರಬೇಕು. ಉಳಿದ ನೀರು ಬಿರಡೆಯ ಬಳಿ ನಿಂತು ಅನಿಲ ಸೋರದಂತೆ ಕಾಯುತ್ತದೆ. ಇದರಲ್ಲಿ ಅಸಡ್ಡೆ ಮಾಡಿ ಗಾಳಿ ಬೆರೆತರೆ ಮುಂದಿನ ಲಕ್ಷಾಂತರ ರೂಪಾಯಿಯ ಯಂತ್ರಗಳೂ ಏನೂ ಮಾಡಲಾರವು.

ಆ ಬಾಟಲಿಯ ಅನಿಲಕ್ಕೆ ಎರಡು ಪ್ರಶ್ನೆ ಹಾಕುತ್ತಾರೆ. ಮೀಥೇನಿನ ಜೊತೆಗೆ ಈಥೇನ್, ಪ್ರೊಪೇನ್ ಎಷ್ಟಿವೆ ಎಂಬುದು ಮೊದಲನೆಯದು. ಅಡುಗೆ ಅನಿಲದ ಸಿಲಿಂಡರಿನಲ್ಲಿರುವ ಪ್ರೊಪೇನ್ ಗೋಬರ್ ಗುಂಡಿಯಲ್ಲಿ ಹುಟ್ಟುವುದಿಲ್ಲ ಎನ್ನಬಹುದು. ಅದಕ್ಕೆ ಆಳದ ಶಾಖ ಬೇಕು. ಈಥೇನ್ ಮತ್ತು ಪ್ರೊಪೇನ್ ಸೇರಿದ ಪ್ರಮಾಣಕ್ಕಿಂತ ಮೀಥೇನ್ ಸಾವಿರ ಪಟ್ಟಿಗೂ ಹೆಚ್ಚಿದ್ದರೆ ಸೂಕ್ಷ್ಮಜೀವಿಗಳ ಕಡೆ, ನೂರು ಪಟ್ಟಿಗಿಂತ ಕಡಿಮೆಯಿದ್ದರೆ ಶಾಖದ ಕಡೆ ಬೆರಳು ತೋರಿಸುತ್ತಾರೆ.

ಎರಡನೆಯದು ಇಂಗಾಲದ ತೂಕ. ನಿಸರ್ಗದ ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು 99 ಹಗುರವಾದ ಕಾರ್ಬನ್ 12, ಒಂದರಷ್ಟು ತುಸು ಭಾರವಾದ ಕಾರ್ಬನ್ 13. ಸೂಕ್ಷ್ಮಜೀವಿಗಳು ಹಗುರವಾದದ್ದನ್ನೇ ಆರಿಸಿಕೊಳ್ಳುವುದರಿಂದ ಅವು ಮಾಡಿದ ಮೀಥೇನಿನಲ್ಲಿ ಕಾರ್ಬನ್ 13 ಕಡಿಮೆ. ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿ ಸಾವಿರಕ್ಕೆ ಎಷ್ಟು ಕಡಿಮೆ ಎಂದು ಲೆಕ್ಕ ಹಾಕಿದರೆ ಅದು ಸಾಮಾನ್ಯವಾಗಿ ಮೈನಸ್ 60ಕ್ಕಿಂತ ಕೆಳಗೆ ಬರುತ್ತದೆ. ಶಾಖದಿಂದ ಹುಟ್ಟಿದ ಮೀಥೇನ್ ಬಹುಮಟ್ಟಿಗೆ ಮೈನಸ್ 50ರಿಂದ ಮೈನಸ್ 30ರ ಆಸುಪಾಸಿನಲ್ಲಿರುತ್ತದೆ. ಶ್ರೀವಿಜಯಪುರಂ ಬಾವಿಯ ಶೇಕಡಾ 87 ಎಂಬ ಅಂಕಿಯನ್ನು ಹಿಡಿದು ಹಲವರು ಸಂಭ್ರಮಿಸಿದರು. ಅನಿಲ ಉರಿಯುವಂಥದ್ದು ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ಅದರ ಹುಟ್ಟು ತಿಳಿಯಬೇಕಾದರೆ ಉಳಿದ 13ರಲ್ಲಿ ಏನೇನಿದೆ, ಕಾರ್ಬನ್ 13ರ ಲೆಕ್ಕ ಎಷ್ಟು ಎಂದು ಕೇಳಬೇಕು.

ಇಷ್ಟಕ್ಕೇ ಮುಗಿಯುವುದಾದರೆ ಕೆಲಸ ಸುಲಭವಿತ್ತು. ಕೆಸರು ಜ್ವಾಲಾಮುಖಿಯಲ್ಲಿ ಈ ಸಾಕ್ಷಿಗಳು ದಾರಿ ತಪ್ಪಿಸುವುದೂ ಉಂಟು. ಅನಿಲವು ಸಾವಿರಾರು ಮೀಟರ್ ಜೇಡಿ ಮತ್ತು ನೀರನ್ನು ದಾಟಿ ಬರುವಾಗ ಭಾರವಾದ ಈಥೇನ್, ಪ್ರೊಪೇನ್‌ಗಳು ಹಿಂದೆ ಉಳಿಯುತ್ತವೆ, ಹಗುರವಾದ ಮೀಥೇನ್ ಮುಂದೆ ಓಡುತ್ತದೆ. ಹೀಗೆ ಶಾಖದಿಂದಲೇ ಹುಟ್ಟಿದ ಅನಿಲ ಮೇಲೆ ಬರುವಷ್ಟರಲ್ಲಿ ಗೋಬರ್ ಗ್ಯಾಸಿನ ವೇಷ ತೊಟ್ಟಿರುತ್ತದೆ. ಮೊದಲ ಪ್ರಶ್ನೆಯ ಉತ್ತರವೊಂದನ್ನೇ ನಂಬಿದವರು ಒಳ್ಳೆಯ ಪ್ರದೇಶವನ್ನು ಬರಡು ಎಂದು ಬಿಟ್ಟುಬಿಡುವ ಅಪಾಯ ಇಲ್ಲಿದೆ. ಇಂಗಾಲದ ತೂಕ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ, ಹಾಗಾಗಿ ಎರಡನ್ನೂ ಒಟ್ಟಿಗಿಟ್ಟೇ ನೋಡಬೇಕು.

ಇನ್ನೊಂದು ತಿರುವು ಇದಕ್ಕಿಂತ ಸೂಕ್ಷ್ಮ, ನನ್ನ ಮಟ್ಟಿಗೆ ಇಡೀ ಶಾಸ್ತ್ರದಲ್ಲೇ ಸೊಗಸಾದದ್ದು. ಹೆಚ್ಚು ಆಳವಿಲ್ಲದ, ಹೆಚ್ಚು ಬಿಸಿಯಿಲ್ಲದ ಜಾಗದಲ್ಲಿ ತೈಲ ನಿಂತಿದ್ದರೆ ಸೂಕ್ಷ್ಮಜೀವಿಗಳು ಆ ತೈಲವನ್ನೇ ತಿನ್ನತೊಡಗುತ್ತವೆ. ತಿಂದು ಉಳಿಸಿದ ಇಂಗಾಲದ ಡೈಆಕ್ಸೈಡನ್ನು ಮತ್ತೆ ಮೀಥೇನಾಗಿ ಬದಲಿಸುತ್ತವೆ. ಹೊರಗೆ ಬರುವ ಮೀಥೇನ್ ಸೂಕ್ಷ್ಮಜೀವಿಗಳದ್ದೇ ಸರಿ, ಆದರೆ ಅವುಗಳ ಊಟ ತೈಲ! ಇದನ್ನು ಹಿಡಿದುಕೊಡುವುದು ಮೀಥೇನಲ್ಲ, ಜೊತೆಗೆ ಬರುವ ಇಂಗಾಲದ ಡೈಆಕ್ಸೈಡ್. ಹಗುರವಾದ ಇಂಗಾಲವೆಲ್ಲ ಮೀಥೇನಿಗೆ ಹೋದ ಕಾರಣ ಉಳಿದದ್ದರಲ್ಲಿ ಕಾರ್ಬನ್ 13 ತುಂಬಿಕೊಂಡು, ಲೆಕ್ಕ ಮೈನಸ್ ದಾಟಿ ಪ್ಲಸ್ 5, ಪ್ಲಸ್ 10ಕ್ಕೂ ಏರುತ್ತದೆ. ತಿನ್ನಿಸಿಕೊಂಡ ಪ್ರೊಪೇನಿನಲ್ಲೂ ಇದೇ ಬಗೆಯ ಭಾರ ಕಾಣುತ್ತದೆ. ಅಜರ್‌ಬೈಜಾನಿನ ಹಲವು ಕೆಸರು ಜ್ವಾಲಾಮುಖಿಗಳಲ್ಲಿ ಈ ಗುರುತು ಸಿಕ್ಕಿದೆ. ಮೇಲ್ನೋಟಕ್ಕೆ ನಿರಾಶೆ ಹುಟ್ಟಿಸುವ ಅನಿಲದ ಹಿಂದೆ ತೈಲದ ಮಡುವೇ ಇರಬಹುದು.

ನೀರಿನ ಮಾತು ಬೇರೆ. 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದಂದಿನಿಂದ ಜೇಡಿಯ ಗುಣ ಮಂಗಳೂರಿಗೆ ಗೊತ್ತು. ನೆರಳಿನಲ್ಲಿ ವಾರಗಟ್ಟಲೆ ಒಣಗಿಸಿದ ಹಸಿ ಹಂಚು ಒಣಗಿದಂತೆ ಕಂಡರೂ ಅದರ ಕಣದೊಳಗೆ ನೀರು ಅಡಗಿರುತ್ತದೆ. ಭಟ್ಟಿಯ ಶಾಖಕ್ಕೇ ಅದು ಬಿಟ್ಟುಹೋಗುವುದು. ಸಮುದ್ರತಳದ ಸ್ಮೆಕ್ಟೈಟ್ ಎಂಬ ಜೇಡಿಯೂ ಹಾಗೆಯೇ, ಹಂಚಿನ ಭಟ್ಟಿಗಿಂತ ಎಷ್ಟೋ ಕಡಿಮೆ, ಸುಮಾರು 60ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತನ್ನ ಪದರಗಳ ನಡುವಿನ ನೀರನ್ನು ಬಿಟ್ಟುಕೊಟ್ಟು ಇಲೈಟ್ ಎಂಬ ಜೇಡಿಯಾಗುತ್ತದೆ. ಉಪ್ಪಿಲ್ಲದ ಆ ನೀರು ಸಮುದ್ರದ ನೀರಿಗೆ ಬೆರೆತು ಉಪ್ಪನ್ನು ತಗ್ಗಿಸುತ್ತದೆ. ಜೊತೆಗೆ ಬಿಸಿ ಜೇಡಿಯಿಂದ ಬಿಟ್ಟ ಬೋರಾನ್, ಲಿಥಿಯಂ ಹೆಚ್ಚಿರುತ್ತವೆ. ಮೆಗ್ನೀಸಿಯಂ ಮತ್ತು ಲಿಥಿಯಂ ಪ್ರಮಾಣ ಹೋಲಿಸಿ ನೀರು ಎಷ್ಟು ಬಿಸಿಯ ಜಾಗದಿಂದ ಹೊರಟಿತು ಎಂದು ಅಂದಾಜಿಸುವ ಸೂತ್ರಗಳಿವೆ. ತೈಲ ಹುಟ್ಟುವುದೂ ಸರಿಸುಮಾರು ಇದೇ ಶಾಖದ ವ್ಯಾಪ್ತಿಯಲ್ಲಿ ಎಂಬುದರಿಂದ ನೀರಿನ ಸಾಕ್ಷ್ಯಕ್ಕೆ ಬೆಲೆ ಬಂದಿದೆ. ಉದಾಹರಣೆಗೆ ಉತ್ತರ 90 ಡಿಗ್ರಿ ಎಂದು ಬಂತು ಎನ್ನಿ. ಮೇಲ್ಮೈಯಲ್ಲೇ 27 ಡಿಗ್ರಿಯಷ್ಟಿದ್ದು, ಪ್ರತಿ ಕಿಲೋಮೀಟರಿಗೆ 25 ಡಿಗ್ರಿ ಏರುವ ನೆಲದಲ್ಲಿ ಅದು ಸುಮಾರು ಎರಡೂವರೆ ಕಿಲೋಮೀಟರ್ ಆಳ. ಅಂಡಮಾನಿನಂಥ ಕಡೆ, ತಣ್ಣನೆಯ ಫಲಕ ಅಡಿಗೆ ಜಾರುತ್ತಿರುವ ಕಾರಣ ನೆಲ ಅಷ್ಟು ಬೇಗ ಬಿಸಿಯೇರುವುದಿಲ್ಲ. ಅಲ್ಲಿ ಅದೇ 90 ಡಿಗ್ರಿಗೆ ಇನ್ನೂ ಆಳಕ್ಕೆ ಇಳಿಯಬೇಕು. ಪಠ್ಯದ ಲೆಕ್ಕವನ್ನು ಹಾಗೆಯೇ ಹೊತ್ತುಕೊಂಡು ಹೋದರೆ ಬಾವಿಯ ಆಳವೇ ತಪ್ಪುತ್ತದೆ.

ಕೆಸರಿನೊಡನೆ ಹೊರಬೀಳುವ ಕಲ್ಲುಚೂರುಗಳು ನೇರ ಸಾಕ್ಷಿಗಳು. ಅವನ್ನು ಪುಡಿ ಮಾಡಿ, ಆಮ್ಲಜನಕವಿಲ್ಲದ ಕುಲುಮೆಯಲ್ಲಿ ಹಂತ ಹಂತವಾಗಿ ಕಾಯಿಸಿದರೆ ಮೊದಲು ಕಲ್ಲಿನಲ್ಲಿ ಈಗಾಗಲೇ ಇರುವ ತೈಲ ಆವಿಯಾಗುತ್ತದೆ. ಆಮೇಲೆ ಇನ್ನೂ ಬೇಯದೆ ಉಳಿದಿದ್ದ ಜೈವಿಕ ಪದಾರ್ಥ ಒಡೆದು ತೈಲ ಬಿಡುತ್ತದೆ. ಈ ಎರಡನೆಯ ಬಿಡುಗಡೆ ಅತಿ ಹೆಚ್ಚಾಗುವ ಕುಲುಮೆಯ ಶಾಖ (ನೆಲದಾಳದ್ದಲ್ಲ) 435 ಡಿಗ್ರಿಗಿಂತ ಕಡಿಮೆಯಾದರೆ ಆ ಕಲ್ಲು ಹಸಿ. 435ರಿಂದ 470ರ ನಡುವೆ ಬಂದರೆ ತೈಲ ಹುಟ್ಟುವ ಹದ. ಜೈವಿಕ ಇಂಗಾಲ ತೂಕದಲ್ಲಿ ಶೇಕಡಾ 2 ದಾಟಿದರೆ ತೈಲ ಹುಟ್ಟಿಸುವ ಮೂಲಶಿಲೆಯಾಗಿ ಅದು ಬಹಳ ಒಳ್ಳೆಯದು, ಶೇಕಡಾ ಅರ್ಧಕ್ಕಿಂತ ಕಡಿಮೆಯಾದರೆ ಕೈಬಿಡಬೇಕಾದದ್ದು. ತೊಡಕೆಂದರೆ ಚೂರು ತನ್ನ ಊರಿನ ಹೆಸರು ಹೇಳುವುದಿಲ್ಲ. ಕೆಸರು ದಾರಿಯುದ್ದಕ್ಕೂ ಸಿಕ್ಕ ಪದರಗಳನ್ನೆಲ್ಲ ಕಿತ್ತು ತಂದಿರುತ್ತದೆ. ಯಾವ ಚೂರು ಯಾವ ಕಾಲದ್ದೆಂದು ಅದರೊಳಗಿನ ಸೂಕ್ಷ್ಮ ಪಳೆಯುಳಿಕೆಗಳಿಂದ ಬಿಡಿಸಬೇಕು. ನೂರು ಚೂರುಗಳಲ್ಲಿ ಚಂದದ ಎರಡನ್ನು ಆರಿಸಿ ಪರೀಕ್ಷಿಸಿ ಇಡೀ ಜಲಾನಯನಕ್ಕೆ, ಅಂದರೆ ಮಣ್ಣು ಪದರಪದರವಾಗಿ ತುಂಬಿದ ಆ ವಿಶಾಲ ತಗ್ಗಿಗೆ, ತೀರ್ಪು ಕೊಡುವುದು ನ್ಯಾಯವಲ್ಲ.

ಅಂಡಮಾನಿನ ವಿಷಯದಲ್ಲಿ ಅನಿಲ ಮತ್ತು ನೀರನ್ನು ಅಧ್ಯಯನ ಮಾಡಿದ ನಮ್ಮ ವಿಜ್ಞಾನಿಗಳು ಅಲ್ಲಿನ ಮೀಥೇನ್ ಮುಖ್ಯವಾಗಿ ಶಾಖದಿಂದ ಹುಟ್ಟಿದ್ದು, ನೀರಿನಲ್ಲಿ ಜೇಡಿ ಬಿಟ್ಟ ನೀರಿನ ಪಾಲಿದೆ ಎಂದೇ ತೋರಿಸಿದ್ದಾರೆ. ಅಂದರೆ ಒಲೆ ಉರಿದದ್ದು ನಿಜ. ನೆರೆಯವರ ಪ್ರಶ್ನೆಗೆ ‘ಹೌದು’ ಎನ್ನಬಹುದಾದ ಅರ್ಧ ಇದು.

ಉಳಿದ ಅರ್ಧಕ್ಕೆ ಎರಡು ದೇಶಗಳನ್ನು ಅಕ್ಕಪಕ್ಕ ಇಡಬೇಕು. ಅಜರ್‌ಬೈಜಾನ್ ಕೆಸರು ಜ್ವಾಲಾಮುಖಿಗಳ ತವರು, ನೆಲ ಮತ್ತು ಕಡಲು ಸೇರಿ ಅಲ್ಲಿ ಮುನ್ನೂರಕ್ಕೂ ಹೆಚ್ಚಿವೆ. ಬಾಕು ನಗರದ ಬಳಿಯ ಲೋಕ್‌ಬತಾನ್ ಕೆಸರು ಜ್ವಾಲಾಮುಖಿಯ ಬುಡದಲ್ಲೇ ತೈಲ ಕ್ಷೇತ್ರವಿದೆ. ಹೊರಬಿದ್ದ ಚೂರುಗಳಲ್ಲಿ ಸಿಗುವ ಮೈಕೋಪ್ ಶಿಲೆಯೇ ಅಲ್ಲಿನ ತೈಲದ ಮುಖ್ಯ ತಾಯಿಶಿಲೆಗಳಲ್ಲಿ ಒಂದು. ಪಾಕಿಸ್ತಾನದ ಮಕ್ರಾನ್ ಕರಾವಳಿಯಲ್ಲೂ ಕೆಸರು ಜ್ವಾಲಾಮುಖಿಗಳ ಸಾಲೇ ಇದೆ. ಹಿಂಗ್ಲಾಜ್ ಮಾತೆಯ ದರ್ಶನಕ್ಕೆ ಹೋಗುವ ಭಕ್ತರು ಮೊದಲು ಚಂದ್ರಗುಪ್ ಎಂಬ ಕೆಸರು ಬೆಟ್ಟ ಹತ್ತಿ ಅದರ ಬಾಯಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. 2013ರ ಸೆಪ್ಟೆಂಬರ್ 24ರ ಭೂಕಂಪದಲ್ಲಿ ಗ್ವಾದರ್ ಬಳಿ ಕಡಲಿನಿಂದ ಕೆಸರಿನ ದ್ವೀಪವೇ ಎದ್ದಿತ್ತು. ಹೀಗಿದ್ದೂ ಅಲ್ಲಿ ವಾಣಿಜ್ಯ ಪ್ರಮಾಣದ ತೈಲ ಕ್ಷೇತ್ರ ಸಿಕ್ಕಿಲ್ಲ. ಕೆಸರು ಎರಡೂ ಕಡೆ ಉಂಟು. ಬಾಕುವಿನಲ್ಲಿ ತೈಲವನ್ನು ಹಿಡಿದಿಡುವ ದಪ್ಪ ಮರಳುಗಲ್ಲಿನ ಪದರಗಳು, ಅವುಗಳ ಮೇಲೆ ಒಳ್ಳೆಯ ಮುಚ್ಚಳ ಸಿಕ್ಕವು. ಮಕ್ರಾನ್ ಸದಾ ಹಿಂಡಿ ಮಡಚುತ್ತಲೇ ಇರುವ ನೆಲ. ಅಂಥ ಕಡೆ ಮುಚ್ಚಳ ಗಟ್ಟಿಯಾಗಿ ಉಳಿಯುವುದು ಕಷ್ಟ. ಅಂಡಮಾನಿನ ಹೊರಮೈ ಭೂರಚನೆಯಲ್ಲಿ ಬಾಕುವಿಗಿಂತ ಮಕ್ರಾನಿಗೇ ಹತ್ತಿರ. ಕೆಸರು ಜ್ವಾಲಾಮುಖಿ ಎಂದರೆ ಎಲ್ಲೋ ಮುಚ್ಚಳ ಸೋರುತ್ತಿದೆ ಎಂದೂ ಅರ್ಥ.

ಸಚಿವರು ಅಂಡಮಾನನ್ನು ದಕ್ಷಿಣ ಅಮೆರಿಕದಲ್ಲಿ ಈಚೆಗೆ ಭಾರೀ ತೈಲ ಸಿಕ್ಕ ಗಯಾನಾಕ್ಕೆ ಹೋಲಿಸಿದ್ದನ್ನು ನಾನು ಒಪ್ಪಲಾರೆ. ಗಯಾನಾ ಖಂಡಗಳು ದೂರ ಸರಿದು ಉಳಿದ ಶಾಂತ ಅಂಚು, ಅಂಡಮಾನ್ ಫಲಕಗಳು ಡಿಕ್ಕಿ ಹೊಡೆಯುವ ಅಂಚು. ಹೋಲಿಸಬೇಕಾದರೆ ಅದೇ ಪಟ್ಟಿಯ ಎರಡು ತುದಿಗಳಿವೆ. ಉತ್ತರಕ್ಕೆ ಮ್ಯಾನ್ಮಾರಿನ ಅನಿಲ ಕ್ಷೇತ್ರಗಳು, ದಕ್ಷಿಣಕ್ಕೆ ಉತ್ತರ ಸುಮಾತ್ರಾ. ಸುಮಾತ್ರಾ ಕಡೆಯ ಕಡಲಲ್ಲಿ 2023ರಲ್ಲಿ ಲಯಾರನ್ ಎಂಬ ಬಾವಿ ದೊಡ್ಡ ಅನಿಲ ನಿಕ್ಷೇಪ ತೋರಿಸಿತು. ಈ ಹೋಲಿಕೆಯಿಂದ ಹುಟ್ಟುವ ನಿರೀಕ್ಷೆ ಅನಿಲದ್ದು, ದ್ವೀಪಗಳ ಪೂರ್ವದ ಕಡಲಿನದ್ದು. ತೈಲದ ಮಹಾಪೂರದ್ದಲ್ಲ.

ನಮ್ಮ ಕಡಲಿನ ಕಥೆ ಬೇರೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಷಡ್ಭುಜದ ಕಂಬಗಳನ್ನು ನೋಡಿರುತ್ತಾರೆ. ಸುಮಾರು 8.8 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮಿಂದ ಹರಿದು ಬೇರೆಯಾದ ಕಾಲದ ಲಾವಾ ಅದು. ನಮ್ಮದು ಹಿಗ್ಗಿ ಹರಿದ ಅಂಚು. ಇಲ್ಲಿ ಕೆಸರನ್ನು ಹಿಂಡಿ ಮೇಲೆಬ್ಬಿಸುವ ಒತ್ತಡವಿಲ್ಲ. ಪಶ್ಚಿಮ ಕರಾವಳಿಯ ಹತ್ತಿರದ ಸಮುದ್ರತಳದ ಕೆಸರಿನಲ್ಲಿ ಅನಿಲ ಸಿಲುಕಿರುವುದನ್ನು ಶಬ್ದತರಂಗದ ಸಮೀಕ್ಷೆಗಳು ದಶಕಗಳ ಹಿಂದೆಯೇ ಗುರುತಿಸಿವೆ, ಆದರೆ ಅದು ಮುಖ್ಯವಾಗಿ ಅಳಿವೆಯ ಗುಳ್ಳೆಯ ಜಾತಿಯದು. ಕೇರಳ–ಕೊಂಕಣ ಜಲಾನಯನದಲ್ಲಿ ಕೊರೆದ ಬಾವಿಗಳು ವಾಣಿಜ್ಯ ಪ್ರಮಾಣದ ತೈಲ ಕೊಟ್ಟಿಲ್ಲ. ಜಲಾನಯನಗಳ ತೈಲ, ಅನಿಲ ಸಾಧ್ಯತೆಯ ಸರ್ಕಾರಿ ಪಟ್ಟಿಯಲ್ಲಿ ಅದು ಮೂರನೆಯ ದರ್ಜೆಯದು, ಅಂಡಮಾನ್ ಎರಡನೆಯದು. ನಮಗಿಲ್ಲದ ಕಿಟಕಿ ಅಂಡಮಾನಿಗೆ ಇದೆ. ಅದನ್ನು ಪ್ರವಾಸಿಗರು ಬೇಲಿಯಾಚೆ ನಿಂತು ಫೋಟೊ ತೆಗೆಯುವ ಜಾಗವಾಗಿ ಮಾತ್ರ ಉಳಿಸಿಕೊಂಡಿರುವುದು ನನಗೆ ನೋವು ತರುತ್ತದೆ.

ಆಗಬೇಕಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಬಾರಾಟಾಂಗ್ ಮತ್ತು ಉತ್ತರದ ದಿಗ್ಲಿಪುರದ ಕೆಸರು ಹೊಂಡಗಳಿಂದ ತಿಂಗಳಿಗೊಮ್ಮೆ, ಕನಿಷ್ಠ ಎರಡು ವರ್ಷ, ಅನಿಲ ಮತ್ತು ನೀರನ್ನು ಹಿಡಿಯಬೇಕು. ಒಂದೇ ದಿನದ ಬಾಟಲಿ ಒಂದೇ ದಿನದ ಮಾತು ಹೇಳುತ್ತದೆ. ಮಳೆಗಾಲದಲ್ಲಿ ಮೇಲಿನ ನೀರು ಬೆರೆಯುತ್ತದೆ, ಭೂಕಂಪದ ಬಳಿಕ ಆಳದ ಅನಿಲ ಹೆಚ್ಚುತ್ತದೆ. ಬಾವಿಯ ಅನಿಲದ ಕಾರ್ಬನ್ 13ರ ಲೆಕ್ಕವನ್ನು ಕೆಸರಿನ ಅನಿಲದ ಪಕ್ಕದಲ್ಲಿಟ್ಟು ಪ್ರಕಟಿಸಬೇಕು. ಎರಡೂ ಒಂದೇ ತಾಯಿಯ ಮಕ್ಕಳೇ ಎಂಬುದು ಆಗಲೇ ತಿಳಿಯುವುದು. ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ಕಲಿತವರು, ಭೂವೈಜ್ಞಾನಿಕ ಸಮೀಕ್ಷೆಯ ಮಂಗಳೂರಿನ ಸಾಗರ ವಿಭಾಗದಲ್ಲಿ ದುಡಿದವರು ಈ ಊರಿನಲ್ಲೇ ಇದ್ದಾರೆ. ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ಬಾರಾಟಾಂಗ್‌ಗೆ ಹೋಗುವ ರಸ್ತೆ ಜರಾವಾ ಬುಡಕಟ್ಟಿನ ಮೀಸಲು ಕಾಡಿನ ನಡುವೆ ಸಾಗುತ್ತದೆ ಎಂಬ ಎಚ್ಚರವೂ ಬೇಕು. ಬಾಟಲಿ ಹಿಡಿದು ನಾಲ್ಕು ಜನ ಹೋಗಿಬರುವುದು ಬೇರೆ, ಯಂತ್ರ ಹೊತ್ತ ಲಾರಿಗಳ ಸಾಲು ಬೇರೆ.

ಇದರಲ್ಲಿ ಒಂದು ಕೆಲಸಕ್ಕಂತೂ ಕಾಯುವ ವ್ಯವಧಾನವಿಲ್ಲ. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ, ಹೆಚ್ಚುಕಡಿಮೆ ನಮ್ಮಷ್ಟೇ. ಅಕ್ಟೋಬರ್ 2ರಂದು ಹೊರಬಿದ್ದಂಥ ಕಲ್ಲುಚೂರುಗಳು ಗಾಳಿ, ಬಿಸಿಲು, ಮಳೆಗೆ ಒಡ್ಡಿಕೊಂಡಷ್ಟೂ ಅವುಗಳೊಳಗಿನ ಜೈವಿಕ ಪದಾರ್ಥ ಕೆಡುತ್ತದೆ, ಹಗುರವಾದ ತೈಲ ಹಾರಿಹೋಗುತ್ತದೆ. ಮುಂದಿನ ಬಾರಿ ಬಾರಾಟಾಂಗ್ ಗುಡುಗಿದಾಗ ಚೂರುಗಳನ್ನು ಆರಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ತಣ್ಣಗಿನ ಪೆಟ್ಟಿಗೆಗೆ ಹಾಕುವ ಜನ ತಿಂಗಳೊಳಗಲ್ಲ, ವಾರದೊಳಗೆ ಅಲ್ಲಿರಬೇಕು.